ಕಾಲುವೆಗೆ ಹಿಡಿಸದ ಹಡಗು

ನನ್ನ ತಮ್ಮ ಸರಕು ಹಡಗಿನಲ್ಲಿ ಇಂಜಿನಿಯರ್. ಅವನು ಹೊಸ ಹಡಗು ಹತ್ತುವಾಗಲೆಲ್ಲ ಅಮ್ಮ ಕೇಳುತ್ತಿದ್ದದ್ದು ಒಂದೇ, ಹಡಗು ಎಷ್ಟು ದೊಡ್ಡದು ಅಂತ. ದೊಡ್ಡ ಹಡಗೆಂದರೆ ಕುವೆಂಪುನಗರದ ನಮ್ಮ ಬೀದಿಯವರಿಗೆಲ್ಲ ತಮ್ಮ ಮಕ್ಕಳಿಗೇ ಬಡ್ತಿ ಸಿಕ್ಕಷ್ಟು ಹೆಮ್ಮೆ. ಅಮ್ಮನಿಗೆ ಮಾತ್ರ ಅವನು ಸಣ್ಣದರಲ್ಲೇ ಇರಬೇಕು.

ಅಮ್ಮ ಮಂಡಿ ಮೊಹಲ್ಲಾದಲ್ಲಿ ಬೆಳೆದವಳು. ತಮ್ಮ ಅವಳಿಗೆ ಹಡಗಿನ ಅಳತೆಗಳನ್ನು ಅಲ್ಲಿನ ಗಲ್ಲಿಗಳ ಲೆಕ್ಕದಲ್ಲೇ ಹೇಳಿಕೊಟ್ಟಿದ್ದ. ಹ್ಯಾಂಡಿಸೈಜ್ ಅಂದರೆ ತಳ್ಳುಗಾಡಿ, ಸಣ್ಣ ಬಂದರಿಗೂ ನುಗ್ಗುತ್ತದೆ. ಪನಾಮ್ಯಾಕ್ಸ್ ಪನಾಮಾ ಕಾಲುವೆಯ ಅಳತೆಗೆ ಕಟ್ಟಿದ್ದು. ಕೇಪ್‌ಸೈಜ್ ಕಾಲುವೆಗೆ ಹಿಡಿಸದ ದೈತ್ಯ. ಕಬ್ಬಿಣದ ಅದಿರಿನಂಥದ್ದನ್ನು ತುಂಬಿಕೊಂಡು ಆಫ್ರಿಕಾದ ತುದಿ ಸುತ್ತಿಯೇ ಹೋಗಬೇಕು, ವಾರಗಟ್ಟಲೆ ನೆಲ ಕಾಣುವುದಿಲ್ಲ. ಸಣ್ಣ ಹಡಗಾದರೆ ಮಗ ಬೇಗ ಬೇಗ ದಡ ಮುಟ್ಟುತ್ತಾನೆ, ಕರೆದರೆ ಇಳಿದು ಬರಬಹುದು ಎಂಬುದಷ್ಟನ್ನು ಅಮ್ಮ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಡಾಕ್ಟರು ಕೈಚೆಲ್ಲುವ ಹೊತ್ತಿಗೆ ತಮ್ಮನ ಕೇಪ್‌ಸೈಜ್ ಬ್ರೆಜಿಲ್‌ನಿಂದ ಚೀನಾಕ್ಕೆ ಹೊರಟಾಗಿತ್ತು. ಸಣ್ಣ ಹಡಗು, ಇನ್ನೇನು ಬಂದುಬಿಡುತ್ತಾನೆ ಎಂದು ನಾವೆಲ್ಲ ಸೇರಿ ಸುಳ್ಳು ಹೇಳಿದೆವು. ಅದರಲ್ಲಿ ಏನು ತುಂಬಿದ್ದಾರೆ ಎಂದು ಕೇಳಿದಳು. ಸುಳ್ಳು ಹೇಳುವಾಗಲೂ ನಿಯತ್ತು ಬಿಡದ ನಮ್ಮ ಯಜಮಾನರು ಕಬ್ಬಿಣದ ಅದಿರು ಎಂದುಬಿಟ್ಟರು.

ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಅದಿರು ಅಂದ್ರೆ ದೊಡ್ಡ ಹಡಗೇ ಕಣಮ್ಮ. ಅವ್ನು ಸುತ್ಕೊಂಡೇ ಬರ್ಬೇಕು. ನನ್ನ ಕೂರಿಸ್ಕೊಂಡು ಕಾಯ್ಬೇಡಿ."

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಮಗ ದೂರದಲ್ಲಿದ್ದರೆ ಒಂದು ದಿನ ಕಾಯುವುದೂ ಉಂಟು. ಅಮ್ಮ ಅದನ್ನೂ ಬೇಡವೆಂದಳು. ನನಗೆ ಅಳು ತಡೆಯಲಾಗಲಿಲ್ಲ. ಆ ಹಡಗಿನ ಮೇಲೆ ಕೆಟ್ಟ ಸಿಟ್ಟು ಬಂತು.

ಅವಳು ಹೋದ ಬೆಳಿಗ್ಗೆ ಫೋನಿನಲ್ಲಿ ತಮ್ಮ ಕಾಣಿಸಿಕೊಂಡ. ಅವನ ಹಿಂದೆ ಬರೀ ನೀರು. ಎಷ್ಟು ಹೊತ್ತು ಕಾಯೋಣ ಎಂದು ಹಿರಿಯರು ಅವನನ್ನೇ ಕೇಳಿದರು. ಕಾಯಬೇಡಿ ಎಂದ, ಅವನೂ. ಅಮ್ಮ ಹೇಳಿದ್ದು ಅವನಿಗೆ ಗೊತ್ತಿರಲಿಲ್ಲ.

"ಅಕ್ಕ, ನನ್ ಪಾಲಿನ ಮಣ್ಣೂ ನೀನೇ ಹಾಕ್ಬುಡು."

ಮಧ್ಯಾಹ್ನ ಅಮ್ಮನನ್ನು ಗುಂಡಿಯಲ್ಲಿ ಕೂರಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಹಾಕಿದರು. ನಾನು ಎರಡು ಹಿಡಿ ಹಾಕಿದೆ.