ಭಾವನ ಏಳೂವರೆ ಟೈರು

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ತಮ್ಮ ಜೀಪನ್ನು ಒಂದು ದಿನವೂ ರಸ್ತೆ ಬಿಟ್ಟು ಕೆಳಗಿಳಿಸಿದವರಲ್ಲ. ಕ್ಯಾತನಹಳ್ಳಿಯ ಮನೆಯಿಂದ ಪಾಂಡವಪುರದ ಹೋಟೆಲಿಗೆ, ಹೋಟೆಲಿನಿಂದ ಸೊಸೈಟಿಗೆ, ಸೊಸೈಟಿಯಿಂದ ಮತ್ತೆ ಹೋಟೆಲಿಗೆ. ಕಬ್ಬಿನ ಗದ್ದೆ ನೋಡಬೇಕಾದರೆ ಜೀಪನ್ನು ಏರಿಯ ಮೇಲೆ ನಿಲ್ಲಿಸಿ, ಪಂಚೆ ಎತ್ತಿಕಟ್ಟಿ ನಡೆದೇ ಇಳಿಯುತ್ತಿದ್ದರು. ಜೀಪಿಗೆ ಕೆಸರು ಹತ್ತುತ್ತದಂತೆ. ಇಂಥ ಮನುಷ್ಯನಿಗೆ ಇದ್ದ ಟೈರು ಸಾಲದೆ ದೊಡ್ಡ ಟೈರು ಬೇಕಾಯಿತು. ಹೇಮಾವತಿಯ ಮರಳಿಗೆ ಇಳಿಸುತ್ತೇನೆ, ಅಕ್ಕಿಹೆಬ್ಬಾಳಿನ ಹತ್ತಿರ ಹೊಳೆ ದಾಟಿಸುತ್ತೇನೆ ಎಂದೆಲ್ಲ ಊರಿಗೆ ಹೇಳಿಕೊಂಡರು. ಅಕ್ಕಿಹೆಬ್ಬಾಳಿರುವ ಕೃಷ್ಣರಾಜಪೇಟೆ ಕಡೆಗೆ ಅವರು ಹೋಗುತ್ತಿದ್ದದ್ದೇ ವರ್ಷಕ್ಕೊಂದು ಸಲ, ಅದೂ ಬಸ್ಸಿನಲ್ಲಿ.

ಟೈರಿನ ವಿಷಯ ನನಗೆ ಗೊತ್ತು. ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ, ಮೈಸೂರು ರಸ್ತೆಗೆ ಮುಖ ಮಾಡಿದ್ದ ಮನೆಯಲ್ಲಿ. ಮನೆಯ ಮುಂಭಾಗವೇ ಅಪ್ಪನ ಟೈರು ಅಂಗಡಿ. ಲಾರಿಯವರು ಬಂದು ಟೈರು ಉರುಳಿಸಿ ಹೋಗುವರು. ಅಪ್ಪ ಅದನ್ನು ಮುಟ್ಟಿ ನೋಡಿಯೇ ಗಾಡಿ ಎಷ್ಟು ಭಾರ ಹೊತ್ತಿದೆ, ಯಾವ ಕಡೆಗೆ ವಾಲುತ್ತದೆ ಎಂದು ಹೇಳುತ್ತಿದ್ದರು. ಅಮ್ಮ ಒಳಗೆ ಹುಳಿ ಮಾಡಿದರೂ ಮನೆಗೆ ಸುಟ್ಟ ರಬ್ಬರಿನ ವಾಸನೆಯೇ. ನಾಲೆಯ ಕೆಳಗೆ ನಮಗೂ ಒಂದಿಷ್ಟು ಗದ್ದೆ ಇತ್ತೆಂಬ ಕಾರಣಕ್ಕೆ ಕ್ಯಾತನಹಳ್ಳಿಯವರು ನನ್ನನ್ನು ಒಪ್ಪಿಕೊಂಡರು. ಆದರೆ ಮದುವೆಯ ಚಪ್ಪರದಲ್ಲೇ ಭಾವ ಅಪ್ಪನಿಗೆ ‘ಪಂಚರ್ ಬೀಗ್ರು’ ಎಂದು ಹೆಸರಿಟ್ಟು ನಕ್ಕರು. ಸುತ್ತ ನಿಂತಿದ್ದವರೂ ನಕ್ಕರು. ನನ್ನ ಗಂಡನೂ ನಕ್ಕರು.

ಜೀಪು ಬಂದದ್ದು ನನ್ನ ಮದುವೆಯಾಗಿ ಎರಡು ವರ್ಷಕ್ಕೆ, ಅರವತ್ತರ ದಶಕದ ಕೊನೆಯಲ್ಲಿ. ಬೆಂಗಳೂರಿನ ಯಾರೋ ಸಾಹೇಬರು ಓಡಿಸಿ ಬಿಟ್ಟದ್ದು. ಗಟ್ಟಿ ಗಾಡಿ, ಒಂದು ಬೋಲ್ಟೂ ಬದಲಾಗಿರಲಿಲ್ಲ. ಅದಿದ್ದ ಹಾಗೇ ಇದ್ದಿದ್ದರೆ ಇಪ್ಪತ್ತು ವರ್ಷ ಓಡುತ್ತಿತ್ತು. ಒಂದು ಗೃಹಪ್ರವೇಶ ಎಲ್ಲವನ್ನೂ ಕೆಡಿಸಿತು.

ನನ್ನ ಓರಗಿತ್ತಿಯ, ಅಂದರೆ ಭಾವನ ಹೆಂಡತಿಯ ತವರು ನಾಗಮಂಗಲ. ಅವಳ ತಮ್ಮ ತೆಂಗಿನ ತೋಟದವನು, ಹೊಸ ಮನೆ ಕಟ್ಟಿಸಿದ್ದ. ನಾವೆಲ್ಲ ಹೋದೆವು. ಅವನ ಹತ್ತಿರವೂ ಜೀಪಿತ್ತು. ಅದರ ಟೈರು ಎಷ್ಟು ದೊಡ್ಡವೆಂದರೆ ಪಕ್ಕದಲ್ಲಿ ನಿಲ್ಲಿಸಿದ ಭಾವನ ಜೀಪು ಒಂದು ಗೇಣು ಕುಳ್ಳಾಗಿ ಕಂಡಿತು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬಂದ ಆತ ಎರಡನ್ನೂ ನೋಡಿ, “ಬಾವ, ನಂದು ಎತ್ತು, ನಿಂದು ಕರು ಕಣಯ್ಯ” ಅಂದ. ಅಷ್ಟೇ. ತಮಾಷೆಗೆ ಅಂದದ್ದು. ಹೊರಡುವಾಗ ಭಾವ ತಮ್ಮ ಜೀಪಿನ ಟೈರನ್ನು ಕಾಲಿಂದ ಒದ್ದು ಹತ್ತಿದರು.

ಗೌರಿ ಹಬ್ಬಕ್ಕೆ ತವರಿಗೆ ಹೋಗಿದ್ದ ನನ್ನನ್ನು ಕರೆದುಕೊಂಡು ಬರಲು ಆ ಸಲ ಭಾವನೇ ಬಂದರು. ನನಗೆ ಆಶ್ಚರ್ಯವಾಯಿತು. ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಕಾರಣ ಹೊರಬಂತು.

“ಬೀಗ್ರೆ, ಏಳೂವರೆದು ಟೈರು ಬೇಕಲ್ಲ, ಐದು.”

“ಯಾವ ಗಾಡಿಗೆ ಗೌಡ್ರೆ?”

“ಇನ್ಯಾವುದ್ಕೆ? ಇದ್ಕೇಯ.”

ಜೀಪಿಗೆ ಕಂಪನಿ ಹಾಕಿ ಕೊಟ್ಟದ್ದು ಆರು ಅಂಗುಲ ಅಗಲದ ಟೈರು. ಏಳೂವರೆ ಎಂದರೆ ಅಗಲ ಮಾತ್ರವಲ್ಲ, ಎತ್ತರವೂ ಹೆಚ್ಚು. ಅಪ್ಪ ಎದ್ದು ಹೋಗಿ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಸ್ಟೇರಿಂಗನ್ನು ಪೂರ್ತಿ ಈ ಕಡೆ, ಆಮೇಲೆ ಪೂರ್ತಿ ಆ ಕಡೆ ತಿರುಗಿಸಿ ಎಂದು ಭಾವನಿಗೆ ಹೇಳಿ, ಟೈರಿಗೂ ಒಳಗಿನ ಕಮಾನು ಪಟ್ಟೆಗೂ, ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗಿಗೂ, ನಡುವೆ ಕೈ ತೂರಿಸಿ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

“ಬೇಕೇಬೇಕು ಅಂದ್ರೆ ಏಳು ಆಕ್ಬೌದು. ಅದ್ಕೂ ಅಗ್ಲದ ರಿಮ್ಮು ಬೇಕು. ಏಳೂವರೆ ಆಕುದ್ರೆ ಪೂರ್ತಿ ತಿರುಗ್ಸಿದಾಗ ಪಟ್ಟೆಗೆ ಉಜ್ತದೆ. ಸ್ಟೇರಿಂಗು ಕೈ ಕೀಳ್ತದೆ. ಬ್ರೇಕು ತಡ್ಯಲ್ಲ. ಇಂಜನ್ನು ದಿಬ್ಬದಲ್ಲಿ ಒದ್ದಾಡ್ತದೆ.”

“ನಾಗ್ಮಂಗ್ಲದಲ್ಲಿ ನಮ್ ಬಾಮೈದ ಆಕವ್ನಲ್ಲ?”

“ಅವ್ರು ಏನೇನು ಬದ್ಲಾಯ್ಸವ್ರೋ, ಗಾಡಿ ನೋಡ್ದೆ ನಾನೆಂಗೆ ಏಳ್ಲಿ?”

“ನಂಗೆ ಎತ್ರ ಬೇಕು ಬೀಗ್ರೆ. ಎತ್ರ.”

“ಎತ್ರ ತಗೊಂಡು ಏನ್ ಮಾಡೀರಿ ಗೌಡ್ರೆ?”

ಅಪ್ಪ ಅದನ್ನು ವ್ಯಂಗ್ಯವಾಗಿ ಕೇಳಲಿಲ್ಲ. ಗಿರಾಕಿಗೆ ಯಾವ ಕೆಲಸಕ್ಕೆ ಟೈರು ಬೇಕೆಂದು ತಿಳಿಯದೆ ಅವರು ಯಾರಿಗೂ ಟೈರು ಕೊಡುತ್ತಿರಲಿಲ್ಲ. ಪಾಂಡವಪುರದ ಹೋಟೆಲಿನ ಮುಂದೆ ನಿಲ್ಲಿಸುವುದಕ್ಕೆ ಎಂದು ಭಾವನಿಗೆ ಬಾಯಿಬಿಟ್ಟು ಹೇಳಲಾಗುತ್ತದೆಯೇ? ಸ್ಟೇರಿಂಗಿನ ಮುಂದೆ ಕೂತೇ, ಹೊರಡೋಣ ಅಂದರು. ಸೇತುವೆ ದಾಟುತ್ತಿದ್ದಂತೆ, ಹಿಂದೆ ಕೂತಿದ್ದ ನನಗೆ ಕೇಳಲೆಂದೇ, “ಪಂಚರ್ ಆಕೋರಿಗೆ ಜೀಪಿನ್ ಇಚಾರ ಏನ್ ತಿಳಿದಾತು” ಅಂದರು. ನಾನು ಹೊಳೆ ನೋಡುತ್ತಾ ಕೂತೆ.

ಟೈರು ಮೈಸೂರಿನಿಂದ ಬಂದವು. ಮಿಲಿಟರಿಯ ಯಾವುದೋ ಗಾಡಿಯಿಂದ ಬಿಚ್ಚಿದವಂತೆ. ಹಳೆಯ ಕಿರಿದಾದ ರಿಮ್ಮಿಗೇ ತುರುಕಿದ್ದರಿಂದ ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದವು. ಮೊದಲ ದಿನವೇ ಮಡ್‌ಗಾರ್ಡಿನ ಅಂಚಿಗೆ ಉಜ್ಜಿದಾಗ ಊರಿನ ಕುಲುಮೆಯವನನ್ನು ಕರೆಸಿ ಉಳಿಯಲ್ಲಿ ಅಂಚು ಕತ್ತರಿಸಿ ಹಾಕಿಸಿದರು. ಒಳಗಿನ ಪಟ್ಟೆಗೆ ಉಜ್ಜಿದಾಗ, ಟೈರು ಹಾಕಿಕೊಟ್ಟಿದ್ದ ಮೈಸೂರಿನ ಗ್ಯಾರೇಜು ಮೇಸ್ತ್ರಿ ಬಲು ದೊಡ್ಡ ಉಪಾಯ ಹುಡುಕಿದ: ಚಕ್ರ ಪೂರ್ತಿ ತಿರುಗದಂತೆ ತಡೆಯುವ ಬೋಲ್ಟನ್ನು ಉದ್ದ ಮಾಡಿದ. ಚಕ್ರ ತಿರುಗದಿದ್ದರೆ ಉಜ್ಜುವುದೆಲ್ಲಿಂದ ಬಂತು! ಭಾವ ಈ ಉಪಾಯವನ್ನು ಬಂದವರಿಗೆಲ್ಲ ವಿವರಿಸಿದರು. ಕೇಳಿದವರೆಲ್ಲ ತಲೆದೂಗಿದರು. ಮೊದಲು ನಮ್ಮ ಮನೆಯ ಮುಂದಿನ ಬಯಲಲ್ಲಿ ಒಂದೇ ಸುತ್ತಿನಲ್ಲಿ ಮುಖ ತಿರುಗಿಸುತ್ತಿದ್ದ ಜೀಪು ಈಗ ಮೂರು ಸಲ ಹಿಂದೆ ಮುಂದೆ ಹೋಗಿ, ತಿಪ್ಪೆಗೆ ಗುದ್ದಿ ತಿರುಗುತ್ತಿತ್ತು. ಅದನ್ನೂ ಜನ ನಿಂತು ನೋಡುತ್ತಿದ್ದರು. ತಮ್ಮ ಗತ್ತು ನೋಡುತ್ತಿದ್ದಾರೆಂದು ಭಾವ ತಿಳಿದಿದ್ದರು.

ಕಷ್ಟವಾದದ್ದು ಹೆಂಗಸರಿಗೆ. ಓರಗಿತ್ತಿ ಗಿಡ್ಡ, ಮೈ ಭಾರ. ಜೀಪು ಹತ್ತಲು ಅವಳು ಮಣೆಯ ಮೇಲೆ ಮಣೆ ಇಟ್ಟುಕೊಂಡು, ಸೀರೆ ಎತ್ತಿ ಹಿಡಿದು, ನನ್ನ ಹೆಗಲಿಗೆ ಭಾರ ಬಿಡಬೇಕಿತ್ತು. ಹತ್ತಿದ ಮೇಲೆ ಮಣೆಗಳನ್ನೂ ಒಳಗೆ ಹಾಕಿಕೊಳ್ಳಬೇಕು, ಇಳಿಯುವುದಕ್ಕೆ ಬೇಕಲ್ಲ. ಭಾವ ಸ್ಟೇರಿಂಗು ಹಿಡಿದು, “ಬಿರ್ನೆ ಅತ್ಕಳ್ರಿ” ಎಂದು ಗದರುವರು. ಸಂಜೆ ಅದೇ ಸ್ಟೇರಿಂಗಿನಿಂದ ಅವರ ತೋಳು ಊದಿಕೊಂಡಿರುತ್ತಿತ್ತು. ಓರಗಿತ್ತಿ ಬಿಸಿ ಎಣ್ಣೆ ತಿಕ್ಕುವಾಗ ಮುಲುಕುತ್ತಾ, “ಗಾಡಿ ಅಂದ್ರೆ ಇಂಗಿರ್ಬೇಕು ಕಣೆ” ಅನ್ನುವರು. ಚಕ್ರ ದೊಡ್ಡದಾದರೆ ಮೀಟರಿನ ಮುಳ್ಳು ತೋರಿಸುವುದಕ್ಕಿಂತ ಗಾಡಿ ಜೋರಾಗಿ ಹೋಗುತ್ತದೆಂಬುದೂ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೇಳಿದವರಿಲ್ಲ, ನಾನೂ ಹೇಳಲಿಲ್ಲ.

ತಿಂಗಳು ಕಳೆಯುವುದರೊಳಗೆ ನಾಗಮಂಗಲಕ್ಕೆ ಹೋಗಲು ನೆವ ಹುಡುಕಿದರು. ಭಾಮೈದನ ತೋಟದಿಂದ ತೆಂಗಿನ ಸಸಿ ತರಬೇಕಂತೆ. ಮುಂದೆ ಭಾವ ಮತ್ತು ನನ್ನ ಗಂಡ, ಹಿಂದೆ ಓರಗಿತ್ತಿ, ನಾನು, ಎರಡು ಮಣೆ. ಜಕ್ಕನಹಳ್ಳಿ ಕಡೆಯ ಏರಿನಲ್ಲಿ ಇಂಜಿನ್ನು ಏದುಸಿರು ಬಿಟ್ಟಿತು. ನಮ್ಮ ಹಿಂದಿದ್ದ ಬಸ್ಸು ಹಾರನ್ನು ಹೊಡೆದು ಹೊಡೆದು ಸಾಕಾಗಿ ದಾಟಿ ಹೋಯಿತು. ಕಿಟಕಿಯಿಂದ ಒಬ್ಬ ಮುದುಕಿ ನಮ್ಮನ್ನು ಕನಿಕರದಿಂದ ನೋಡಿದಳು. ಇಷ್ಟಾದರೂ ಭಾಮೈದನ ಮನೆಯ ಬೀದಿ ಬಂದ ಕೂಡಲೇ ಭಾವ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು.

ಭಾಮೈದನ ಜೀಪು ಜಗಲಿಯ ಪಕ್ಕದಲ್ಲೇ ನಿಂತಿತ್ತು. ಅದರ ಕಾಲಲ್ಲಿ ಇದ್ದದ್ದು ಆರರ ಟೈರು, ಹಳೆಯ ಸಣ್ಣವು.

ಆತ ಹೊರಗೆ ಬಂದು ನಮ್ಮ ಗಾಡಿಯನ್ನು ಒಂದು ಸುತ್ತು ಹಾಕಿದ. “ಅಯ್ಯೋ ಬಾವ, ನೀನೂ ಆಕ್ಸ್ಬುಟ್ಯಾ? ನಾನು ಕಿತ್ತಾಕ್ಬುಟ್ಟೆ ಕಣಯ್ಯ. ಕೈ ಕಿತ್ತೋಗ್ತಿತ್ತು. ಯಾವನಿಗೆ ಬೇಕು ಆ ಪೀಡೆ!”

ಭಾವನ ಮುಖವನ್ನು ನಾನು ನೇರವಾಗಿ ನೋಡುವ ಹಾಗಿರಲಿಲ್ಲ. ಕಿವಿ ಮಾತ್ರ ಕಂಡಿತು, ಕೆಂಪಾಗಿತ್ತು. “ಓಡ್ಸೋಕೆ ತೋಳಲ್ಲಿ ಕಸುವಿರ್ಬೇಕು” ಎಂದರು. ಭಾಮೈದ ನಕ್ಕು, ಬನ್ನಿ ಊಟಕ್ಕೆ ಅಂದ. ಭಾವ ಅರ್ಧ ಊಟಕ್ಕೇ ಎದ್ದರು. ಸಸಿ ತರುವುದನ್ನೂ ಮರೆತರು.

ವಾಪಸು ಬರುವಾಗ ಗಾಡಿ ಓಡಿಸಿದ್ದು ಸಿಟ್ಟು. ಊರು ಹತ್ತಿರವಾದಾಗ ಇಳಿಬಿಸಿಲಿತ್ತು. ದೊಡ್ಡ ರಸ್ತೆ ಬಿಟ್ಟು ನಾಲೆಯ ಏರಿ ಹಿಡಿದರು. ಆ ಏರಿಯಿಂದ ಒಂದು ಕಿರುಸೇತುವೆಗೆ ತಿರುಗಿ ನಾಲೆ ದಾಟಬೇಕು. ತಿರುವು ಮೊಣಕೈ ಮಡಚಿದಷ್ಟು ಬಿಗಿ. ಹಳೆ ಟೈರಿನಲ್ಲಿ ಜೀಪು ಅಲ್ಲಿ ಸಲೀಸಾಗಿ ತಿರುಗುತ್ತಿತ್ತು. ಈಗ ಒಂದೇ ಸಲಕ್ಕೆ ತಿರುಗುವುದು ಸಾಧ್ಯವಿಲ್ಲವೆಂದು ನನಗೆ ನೂರು ಮಾರು ದೂರದಲ್ಲೇ ಗೊತ್ತಾಯಿತು. ಮುಂದೆ ಬಗ್ಗಿ ಗಂಡನ ಹೆಗಲು ತಟ್ಟಿದೆ.

“ಇಲ್ಲಿ ತಿರುಗಲ್ಲ. ನಿಲ್ಸಿ, ಇಂದಕ್ಕೆ ತಗೊಂಡು ತಿರುಗ್ಸಕೇಳಿ.”

“ಸುಮ್ಕಿರೇ. ಅಣ್ಣಂಗೆ ಗೊತ್ತಿಲ್ವಾ?”

ಕೂಗಬಹುದಿತ್ತು, ಕೂಗಲಿಲ್ಲ. ಭಾವ ಸ್ಟೇರಿಂಗನ್ನು ಎರಡೂ ಕೈಯಿಂದ ಎಳೆದರು. ಅದು ಉದ್ದದ ಬೋಲ್ಟಿಗೆ ತಗುಲಿ ನಿಂತಿತು, ಜೀಪು ನಿಲ್ಲಲಿಲ್ಲ. ಬ್ರೇಕು ತುಳಿದರು, ಅದು ಆ ಗಾತ್ರದ ಚಕ್ರಗಳನ್ನು ಹಿಡಿಯುವಷ್ಟರಲ್ಲಿ ಮುಂದಿನ ಬಲಚಕ್ರ ಏರಿ ಬಿಟ್ಟು ಗದ್ದೆಯ ಕಡೆಗೆ ಇಳಿದಿತ್ತು. ನೀರಿನ ಕಡೆಗೆ ಇಳಿದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಜೀಪು ನಿಧಾನವಾಗಿ ವಾಲಿ ಕಬ್ಬಿಗೆ ಒರಗಿತು. ನಾನು ಮೇಲಿನ ಸರಳು ಹಿಡಿದುಕೊಂಡೆ. ಓರಗಿತ್ತಿಯ ಕೈಗೆ ಏನೂ ಸಿಗಲಿಲ್ಲ. ಅಷ್ಟೆತ್ತರದಿಂದ ಹೊರಗೆ, ಏರಿಯ ಬುಡದ ಕಲ್ಲಿನ ಮೇಲೆ ಬಿದ್ದಳು, ಬಲಗೈ ಮೈಯ ಕೆಳಗೆ ಸಿಕ್ಕಿತು.

ಮೊದಲು ಕೆಳಗಿಳಿದದ್ದು ಭಾವ. ಪಂಚೆ ಸರಿಮಾಡಿಕೊಂಡು, ಮುಂದಿನ ಚಕ್ರದ ಹತ್ತಿರ ಹೋಗಿ ಬಗ್ಗಿ ನೋಡಿ, “ಟೈರಿಗೇನೂ ಆಗಿಲ್ಲ” ಎಂದರು.

ಐವತ್ತು ವರ್ಷವಾಯಿತು. ಆ ಮಾತು ಅವರ ಬಾಯಿಂದ ಹೇಗೆ ಬಂತೋ ಹಾಗೇ ನನ್ನ ಕಿವಿಯಲ್ಲಿದೆ. ಆಮೇಲೆ ಅವರಿಂದ ನಾನು ಎಷ್ಟೋ ಒಳ್ಳೆಯ ಮಾತುಗಳನ್ನೂ ಕೇಳಿದ್ದೇನೆ, ಒಂದನ್ನೂ ನಂಬಿಲ್ಲ.

ಕಬ್ಬು ತುಂಬಿದ ಗಾಡಿಯವನೊಬ್ಬ ನಮ್ಮನ್ನು ನೋಡಿ ಎತ್ತು ನಿಲ್ಲಿಸಿದ. ಅರ್ಧ ಕಬ್ಬನ್ನು ದಾರಿಯಲ್ಲೇ ಇಳಿಸಿ ಜಾಗ ಮಾಡಿಕೊಟ್ಟ. ಪಾಂಡವಪುರದ ಆಸ್ಪತ್ರೆ ತಲುಪುವವರೆಗೂ ಓರಗಿತ್ತಿ ಅಳಲಿಲ್ಲ. ನನ್ನ ತೊಡೆಯ ಮೇಲೆ ತಲೆಯಿಟ್ಟು, “ಮಣೆ ಎತ್ಕೊಂಡ್ರೇನಮ್ಮಿ? ಅತ್ತೆ ಬೈತದೆ” ಎಂದು ಎರಡು ಸಲ ಕೇಳಿದಳು. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು.

ವಾರದ ಮೇಲೆ ಅಪ್ಪ ಅವಳನ್ನು ನೋಡಲು ಬಂದರು. ಕೊಟ್ಟಿಗೆಯ ಪಕ್ಕ ನಿಂತಿದ್ದ ಜೀಪನ್ನು ದಾಟಿಕೊಂಡೇ ಒಳಗೆ ಬಂದರೂ ಅದರ ಮಾತು ಎತ್ತಲಿಲ್ಲ. ಎತ್ತಿದ್ದು ಭಾವನೇ. “ರೋಡ್ ಸರಿ ಇರ್ನಿಲ್ಲ ಬೀಗ್ರೆ. ಏರಿ ಮಣ್ಣು ಜಾರ್ಬುಡ್ತು.” ಅಪ್ಪ ಹೌದೆಂಬಂತೆ ತಲೆಯಾಡಿಸಿದರು. ಆ ತಲೆಯಾಟ ನೋಡಿ ನನಗೆ ತಡೆಯಲಾಗಲಿಲ್ಲ. ಭಾವನ ಎದುರಿಗೆ ನಾನು ಬಾಯಿಬಿಟ್ಟವಳೇ ಅಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ.

“ರೋಡ್ ಸರ್ಯಾಗಿತ್ತು. ಮಣ್ಣೂ ಜಾರ್ನಿಲ್ಲ. ಗಾಡಿ ತಿರುಗ್ನಿಲ್ಲ.”

ಎಲ್ಲರೂ ನನ್ನತ್ತ ನೋಡಿದರು. ನನ್ನ ಗಂಡ, “ಒಳಕ್ಕೋಗೇ” ಎಂದರು. ಗೋಡೆಗೊರಗಿ ಕೂತಿದ್ದ ಓರಗಿತ್ತಿ ಪಟ್ಟಿ ಹಾಕಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಹಿಡಿದು, ಗಂಡನ ಮುಖ ನೋಡಿ, “ಅವ್ಳೇಳೋದು ದಿಟ. ನಾನಿನ್ನು ಅದ್ರಲ್ಲಿ ಕಾಲಿಡಲ್ಲ” ಎಂದಳು. ಭಾವ ಎದ್ದು ಹೊರಗೆ ಹೋದರು. ಜೀಪು ಶುರುವಾದ ಸದ್ದು ಕೇಳಿತು, ಆಮೇಲೆ ಹಿಂದೆ, ಮುಂದೆ, ಹಿಂದೆ.

ಮೆಚ್ಚಿಕೊಳ್ಳುತ್ತಾರೆ ಎಂದುಕೊಂಡು ಅಪ್ಪನನ್ನು ಬಸ್ಸಿಗೆ ಬಿಡಲು ಹೋದೆ. ಅವರು ದಾರಿಯಲ್ಲಿ ಹೇಳಿದ್ದು ಬೇರೆ. “ಇವತ್ತು ಏಳಿದ್ದು ಯಾರಿಗೆ ಬೇಕಮ್ಮಿ? ಗೊತ್ತಿದ್ದೂ ಕೂತಿದ್ದೆಯಲ್ಲ, ಆ ಸೇತ್ವೆ ತಾವು ಕಿರುಚ್ಬೇಕಿತ್ತು.” ಭಾವನ ಮೇಲೆ ನನಗಿದ್ದ ತಿರಸ್ಕಾರದಲ್ಲಿ ಒಂದು ಪಾಲು ಆವತ್ತು ನನ್ನ ಕಡೆಗೆ ತಿರುಗಿತು. ಈಗಲೂ ಅದು ಇಲ್ಲೇ ಇದೆ.

ಭಾವ ಟೈರು ಬಿಚ್ಚಿಸಲಿಲ್ಲ. ಬಿಚ್ಚಿಸಿದರೆ ನಾವು ಹೇಳಿದ್ದು ಸರಿಯೆಂದು ಒಪ್ಪಿದಂತಾಗುತ್ತಿತ್ತು. ತೋಳಿಗೆ ಎಣ್ಣೆ ತಿಕ್ಕುವವರಿಲ್ಲದೆ ಇನ್ನೆರಡು ವರ್ಷ ಹಾಗೇ ಓಡಿಸಿ, ಕಬ್ಬಿನ ಕಂಟ್ರಾಕ್ಟರೊಬ್ಬನಿಗೆ ಮಾರಿದರು. ಆತ ನಮ್ಮ ಬಾಗಿಲಲ್ಲೇ ಜಾಕು ಹಾಕಿ, ತಾನು ತಂದಿದ್ದ ಆರರ ಟೈರುಗಳನ್ನು ಹಾಕಿಕೊಂಡು ಹೋದ.

ಓರಗಿತ್ತಿಯ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಅವಳಿಗೆ ಮತ್ತೆ ಕೋಲು ಹಿಡಿದು ಮುದ್ದೆ ತೊಳಸುವುದಕ್ಕಾಗಲಿಲ್ಲ. ಆ ಕೆಲಸ ನನಗೆ ಬಂತು. ಭಾವ ಸಾಯುವವರೆಗೂ ನನ್ನ ಮುದ್ದೆ ಮುರಿದು ಮುಖ ಸಿಂಡರಿಸಿ, “ಇವ್ಳ ಕೈಲಿ ಗಂಟಾಗ್ತದೆ. ನಮ್ಮವ್ಳು ತೊಳಸ್ತಿದ್ದಂಗಿಲ್ಲ” ಎನ್ನುತ್ತಿದ್ದರು. ಓರಗಿತ್ತಿ ಎಡಗೈಯಲ್ಲಿ ಸಾರು ಬಡಿಸುತ್ತಾ ಅದನ್ನು ಕೇಳಿಸಿಕೊಳ್ಳುತ್ತಿದ್ದಳು.