ಹಿನ್ನೀರಿಗೆ ದೋಣಿ ಎಳೆದೊಯ್ದದ್ದು

ಪುಣೆಯ ಪಕ್ಕದ ನಿಗಡಿಯಿಂದ ನಾನು ಹೊರಟದ್ದು ಎರಡು ಸಲ. ಮೊದಲ ಸಲ ದೀಪ ಹಾಕಿಸಿದ ಖಾಲಿ ಟ್ರೇಲರ್ ಬಿಟ್ಟುಬರಲಿಕ್ಕೆ, ಎರಡನೆಯ ಸಲ ದೋಣಿ ಒಯ್ಯಲಿಕ್ಕೆ. ಮೊದಲನೆಯದನ್ನು ಬಿಟ್ಟು ಹೇಳಿದರೆ ಎರಡನೆಯದು ತಿಳಿಯುವುದಿಲ್ಲ.

ದೋಣಿ ನನ್ನ ಹೆಂಡತಿಯ ತಮ್ಮ ಪ್ರಹ್ಲಾದನದು. ಇಂದಾಪುರ ತಾಲೂಕಿನಲ್ಲಿ ಉಜನಿ ಜಲಾಶಯದ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಅವನ್ನು ನೋಡಲು ಪುಣೆಯ ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಅವರನ್ನು ನೀರಿನ ಮೇಲೆ ಸುತ್ತಾಡಿಸುವ ಕೆಲಸ ಹಿಡಿಯಬೇಕೆಂದು ಪ್ರಹ್ಲಾದ ಚಾಕಣದ ಒಂದು ಶೆಡ್ಡಿನಲ್ಲಿ ಫೈಬರ್ ದೋಣಿ ಮಾಡಿಸಿದ್ದ. ಅದನ್ನು ಸಾಗಿಸಲು ಎರಡು ಗಾಲಿಯ ಹಳೆಯ ಟ್ರೇಲರ್ ಒಂದನ್ನು ಕೊಂಡಿದ್ದ. ಎಳೆಯಲು ನನ್ನ ಜೀಪು. ನಾಲ್ಕೂ ಗಾಲಿಗೆ ಶಕ್ತಿ ಹೋಗುವ, ಗುಡ್ಡ ಹತ್ತುವ ಹಳೆಯ ಗಾಡಿ ಅದು; ಬಲ ಇದೆ, ವೇಗ ಇಲ್ಲ.

ಟ್ರೇಲರಿಗೆ ದೀಪಗಳೇ ಇರಲಿಲ್ಲ. "ಹಗಲಹೊತ್ತ ಹೋಗೂದು ಭಾವಾ, ದೀಪ ಯಾಕ ಬೇಕು? ಹಿಂದ ಒಂದು ಕೆಂಪ ಅರಿವಿ ಕಟ್ಟಿದ್ರ ಆತು" ಎಂದ ಪ್ರಹ್ಲಾದ.

ನಾನು ಒಪ್ಪಲಿಲ್ಲ. ಹಿಂದಿನ ತಿಂಗಳು ಇಂದಾಪುರದಿಂದ ಸರಕಾರಿ ಬಸ್ಸಿನಲ್ಲಿ ಬರುವಾಗ ನಾನು ಚಾಲಕನ ಎಡಕ್ಕೆ ಮುಂದಿನ ಸೀಟಿನಲ್ಲಿದ್ದೆ. ನಮ್ಮ ಮುಂದೆ ಒಂದು ಮೋಟರ್‌ಸೈಕಲ್, ಅದರ ಮುಂದೆ ಕಬ್ಬು ತುಂಬಿದ ಟ್ರಾಲಿ. ಟ್ರಾಲಿಗೆ ದೀಪವಿರಲಿಲ್ಲ. ಟ್ರಾಲಿ ನಿಂತಿತು, ಅದು ನಿಂತದ್ದು ಮೋಟರ್‌ಸೈಕಲ್ಲಿನವನಿಗೆ ಗೊತ್ತಾಗಲಿಲ್ಲ. ಪೊಲೀಸರು ಆಮೇಲೆ ನನ್ನನ್ನು ಕೇಳಿದ್ದು ಒಂದೇ ಮಾತು: ದೀಪ ಇರಲಿಲ್ಲವೋ, ಇದ್ದು ಕೆಟ್ಟಿತ್ತೋ? ನನಗೆ ಗೊತ್ತಿರಲಿಲ್ಲ. ಕಂಡದ್ದಷ್ಟನ್ನು ಹೇಳಿದೆ. ಆಗಿನಿಂದ ರಸ್ತೆಯಲ್ಲಿ ಯಾವ ಗಾಡಿ ಕಂಡರೂ ಮೊದಲು ಅದರ ಬೆನ್ನನ್ನೇ ನೋಡುತ್ತೇನೆ.

ನಿಗಡಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯ ದತ್ತಾ ಗಾಡಿಗಳ ವೈರಿಂಗ್ ಮಾಡುತ್ತಾನೆ. ಅವನ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಇಲ್ಲ. ತಂತಿಯ ಸಿಪ್ಪೆಯನ್ನು ಹಲ್ಲಿನಿಂದ ಕೀಳುತ್ತಾನೆ. ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡೇ ಕೆಲಸ ಮಾಡುತ್ತಾನೆ. ಆದರೆ ಹಳೆಯ ಜೀಪಿನ ತಂತಿ ಮುಟ್ಟಲು ಬೇರೆ ಯಾರೂ ತಯಾರಿರಲಿಲ್ಲ. ನಾನು ಸ್ಟೂಲ್ ಹಾಕಿಕೊಂಡು ಅವನ ಪಕ್ಕದಲ್ಲೇ ಕುಳಿತೆ.

ಜೀಪಿನ ಹಿಂದಿನ ದೀಪಗಳಿಗೆ ಹೋಗುವ ತಂತಿಗಳಿಂದ ಕವಲು ತೆಗೆದು, ಕೊಂಡಿಯ ಪಕ್ಕದಲ್ಲಿ ಒಂದು ಪ್ಲಗ್ ಕೂಡಿಸಬೇಕು. ರಾತ್ರಿ ಉರಿಯುವ ಕೆಂಪು ದೀಪಕ್ಕೆ ಒಂದು ತಂತಿ, ಬ್ರೇಕಿಗೆ ಒಂದು, ಎಡ ಬಲದ ಇಂಡಿಕೇಟರಿಗೆ ಒಂದೊಂದು. ಇವಲ್ಲದೆ ಅರ್ಥಿಂಗ್ ತಂತಿ, ಅಂದರೆ ದೀಪಕ್ಕೆ ಹೋದ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ. ಅದನ್ನು ಟ್ರೇಲರಿನ ಕಬ್ಬಿಣಕ್ಕೇ ಬೋಲ್ಟ್ ಹಾಕಿ ಬಿಗಿಯುತ್ತಾರೆ. ದತ್ತಾ ಅಲ್ಲಿನ ಹಳೆಯ ಬಣ್ಣವನ್ನು ಅಂಗೈಯಗಲ ಕೆರೆದು ಕಬ್ಬಿಣ ಹೊಳೆಯಿಸಿದ. ಹೆಚ್ಚಾದ ಬಲ್ಬುಗಳನ್ನು ಜೀಪಿನ ಹಳೆಯ ಫ್ಲಾಶರ್ ತಾಳಲಿಲ್ಲ. ಇಂಡಿಕೇಟರ್ ಮಿನುಗದೆ ಸುಮ್ಮನೆ ಉರಿಯಿತು. ಹೊಸ ಫ್ಲಾಶರ್ ಹಾಕಿದ. ಅಷ್ಟರವರೆಗೆ ಸರಿ. ಆದರೆ ತಂತಿಗಳೆಲ್ಲ ಒಂದೇ ಕಪ್ಪು ಬಣ್ಣದವು. ಬಣ್ಣ ಬಣ್ಣದ್ದು ಯಾಕಿಲ್ಲ ಎಂದು ಕೇಳಿದೆ. ಇದೇ ಗಟ್ಟಿ ಎಂದ. ಅಂಗಡಿಯಲ್ಲಿ ಉಳಿದದ್ದನ್ನು ನನಗೆ ದಾಟಿಸುತ್ತಿದ್ದಾನೆಂದು ನನಗೆ ಅನಿಸಿತು, ಈಗಲೂ ಹಾಗೇ ಅನಿಸುತ್ತದೆ. ಜೋಡಣೆಗಳಿಗೆ ಟೇಪ್ ಸುತ್ತುವ ಮೊದಲು ಬೆಸುಗೆ ಹಾಕು ಎಂದೆ.

"ಸಾಹೇಬ, ವಿಶ್ವಾಸ ನಾಹೀ ಕಾ?" ಎಂದ ದತ್ತಾ, ನಂಬಿಕೆ ಇಲ್ಲವೇ ಎಂದು.

"ನಾಹೀ" ಎಂದೆ.

ನಕ್ಕು ಬೆಸುಗೆ ಹಾಕಿದ. ಅವನು ಬ್ರೇಕ್ ಒತ್ತಿದಾಗ ನಾನು ಹಿಂದೆ ನಿಂತು ನೋಡಿದೆ. ಎಲ್ಲವೂ ಉರಿದವು. ಆ ಸಂಜೆ ಖಾಲಿ ಟ್ರೇಲರನ್ನು ಚಾಕಣಕ್ಕೆ ಎಳೆದೊಯ್ದು, ದೋಣಿಯ ಶೆಡ್ಡಿನಲ್ಲಿ ಪ್ರಹ್ಲಾದನ ಸುಪರ್ದಿಗೆ ಬಿಟ್ಟು ಬಂದೆ.

ದೋಣಿ ಒಯ್ದದ್ದು ಅದೇ ವಾರದ ಶುಕ್ರವಾರ. ಚಾಕಣ ಮುಟ್ಟುವಾಗ ದೋಣಿಯನ್ನು ಟ್ರೇಲರಿನ ಮೇಲೇರಿಸಿ ಹಗ್ಗ ಬಿಗಿದಿದ್ದರು. ಟ್ರೇಲರ್ ಗುರುತೇ ಸಿಗಲಿಲ್ಲ. ಮೂತಿಯಿಂದ ಬಾಲದವರೆಗೆ ಹಳದಿ ಎಣ್ಣೆಬಣ್ಣ, ಅದರ ಮೇಲೆ ಕುಂಕುಮ, ಚೆಂಡುಹೂವಿನ ಮಾಲೆ, ಗಾಲಿಗಳ ಕೆಳಗೆ ನಿಂಬೆಹಣ್ಣು. ಪ್ರಹ್ಲಾದ ತೆಂಗಿನಕಾಯಿ ಒಡೆದು ಕೈ ಒರೆಸಿಕೊಳ್ಳುತ್ತಿದ್ದ.

"ಲಗೂನ ಬರ್ರಿ ಭಾವಾ. ಹತ್ತೂವರಿಗೆ ರಾಹುಕಾಲ ಕೂಡ್ತದ."

ಜೋಡಿಸಿ, ಪ್ಲಗ್ ಹಾಕಿ, ಅವನನ್ನು ಹಿಂದೆ ನಿಲ್ಲಲು ಹೇಳಿದೆ. ದೀಪದ ಗುಂಡಿ ಒತ್ತಿದೆ. "ಹತ್ಯಾವ!" ಎಂದ. ಬ್ರೇಕ್ ಒತ್ತಿದೆ. "ಹತ್ಯಾವ, ಹತ್ಯಾವ, ಹೊಂಡ್ರಿ!" ಎರಡನೆಯ 'ಹತ್ಯಾವ' ಬಾಗಿಲ ಹತ್ತಿರದಿಂದ ಬಂದಂತೆ ಕೇಳಿಸಿತು. ಇವನು ನಿಜವಾಗಿ ನೋಡಿದನೇ ಎಂದು ಅನುಮಾನ ಬಂತು. ಅಷ್ಟರಲ್ಲಿ ಪಕ್ಕದ ಸೀಟಿನಲ್ಲಿ ಕುಳಿತು ದೇವರಿಗೆ ಕೈ ಮುಗಿಯುತ್ತಿದ್ದ. ಹೊರಟೆ.

ಪುಣೆ ನಗರ ಬೇಡವೆಂದು ಶಿಕ್ರಾಪುರದ ದಾರಿ ಹಿಡಿದೆವು. ಚಾಕಣದ ಕಾರ್ಖಾನೆಗಳ ಕಂಟೇನರ್ ಲಾರಿಗಳ ನಡುವೆ ಇರುವೆಯ ಹಾಗೆ ಹರಿದು, ಮಧ್ಯಾಹ್ನಕ್ಕೆ ನ್ಹಾವರೆಯಲ್ಲಿ ಮಿಸಳ ಪಾವ್ ತಿಂದೆವು. ಬಿಸಿಲು ಹಿತವಾಗಿತ್ತು. ನಾನು ಹಗಲಲ್ಲೂ ದೀಪ ಹಚ್ಚಿಕೊಂಡೇ ಓಡಿಸುತ್ತಿದ್ದೆ. ನಮ್ಮ ಕಡೆ ಹಗಲು ದೀಪ ಉರಿಸಿದರೆ ಎದುರಿನವರು ಸುಮ್ಮನಿರುವುದಿಲ್ಲ. ಮುಷ್ಟಿ ಬಿಚ್ಚಿ ಮುಚ್ಚಿ ಸನ್ನೆ ಮಾಡುತ್ತಾರೆ, ದೀಪ ಆರಿಸದೆ ಉಳಿದಿದೆ ನೋಡು ಎಂದು. ಎದುರಿನಿಂದ ಬಂದವರು ಮಾಡಿದರು. ಹಿಂದಿನಿಂದ ದಾಟಿ ಹೋದವರೂ ಮಾಡಿದರು. ಎಲ್ಲರಿಗೂ ಒಂದೇ ಅರ್ಥ ಹಚ್ಚಿಕೊಂಡು ತಲೆಯಾಡಿಸಿದೆ.

"ಆರಸ್ರಿ ಭಾವಾ ಅದನ್ನ. ಮದುವಿ ಮೆರವಣಿಗಿ ಹೊಂಟಂಗ ಆಗೇದ" ಎಂದ ಪ್ರಹ್ಲಾದ. ಆರಿಸಲಿಲ್ಲ.

ಚೌಫುಲ್ಯಾದಲ್ಲಿ ಸೋಲಾಪುರದ ಹೆದ್ದಾರಿ ಸೇರಿದ ಮೇಲೆ ಬಿಳಿಯ ಪಿಕಪ್ ಒಂದು ನಮ್ಮ ಹಿಂದೆ ಬಿತ್ತು. ದಾಟಲು ದಾರಿಯಿದ್ದರೂ ದಾಟಲಿಲ್ಲ. ಹೆಡ್‌ಲೈಟ್ ಮಿನುಗಿಸಿತು. ಪಕ್ಕಕ್ಕೆ ಬಂದು, ಚಾಲಕ ಕಿಟಕಿಯಿಂದ ಕೈ ಹೊರಹಾಕಿ ನಮ್ಮ ಹಿಂಭಾಗ ತೋರಿಸಿದ, ನಿಲ್ಲಿಸು ಎಂದು ಸನ್ನೆ ಮಾಡಿದ. ಇಂಥ ಮೋಸ ನಾನು ಕೇಳಿದ್ದೆ. ಚಕ್ರ ಅಲುಗುತ್ತಿದೆ, ಎಣ್ಣೆ ಸೋರುತ್ತಿದೆ ಎಂದು ಕೈ ತೋರಿಸುತ್ತಾರೆ. ಖಾಲಿ ಜಾಗದಲ್ಲಿ ನಿಲ್ಲಿಸಿದರೆ ಮುಗಿಯಿತು.

"ನಿಂದರಬ್ಯಾಡ್ರಿ. ದೋಣಿ ಮ್ಯಾಲ ಕಣ್ಣಿಟ್ಟಾನ" ಎಂದ ಪ್ರಹ್ಲಾದ.

"ದೋಣಿ ತಗೊಂಡು ಎಲ್ಲಿ ಓಡ್ತಾನೋ?"

"ಅದೂ ಖರೇನ. ಹಂಗಾರ ನಮ್ಮ ಮ್ಯಾಲ."

ಪಿಕಪ್ಪಿನವನು ಮತ್ತೆ ಹಿಂದಕ್ಕೆ ಸರಿದು ಅಂಟಿಕೊಂಡ. ಒಂದು ಕಡೆ ಆಡುಗಳು ಅಡ್ಡ ಬಂದವು; ಬ್ರೇಕ್ ಒತ್ತಿದೆ. ಹಿಂದೆ ಟೈರ್ ಕಿರುಗುಟ್ಟಿದ ಸದ್ದು, ಆಮೇಲೆ ಉದ್ದನೆಯ ಹಾರ್ನ್. ಕುರಕುಂಭದ ಹತ್ತಿರ ಜನ ತುಂಬಿದ ಧಾಬಾ ನೋಡಿ ಅಲ್ಲೇ ಒಳಗೆ ಹೊರಳಿಸಿದೆ. ಪಿಕಪ್ಪೂ ಬಂತು.

ಚಾಲಕ ಇಳಿದು ಮರಾಠಿಯಲ್ಲಿ ಬೈಯತೊಡಗಿದ. ನಾನು ಪ್ರಹ್ಲಾದನಿಗೆ, ಜೀಪಿನ ಕೀಲಿ ತೆಗೆದು ಕಿಸೆಗೆ ಹಾಕಿಕೋ ಎಂದೆ. ಆ ಕನ್ನಡ ಕೇಳಿ ಚಾಲಕ ಬೈಗುಳ ನಿಲ್ಲಿಸಿದ.

"ಕನ್ನಡದವರೇನು? ಛಲೋ ಆತು. ಬೈಯಾಕ ಹಗುರ ಆತು. ನಾ ಅಕ್ಕಲಕೋಟದ ಕಡಿಯಾಂವ. ಯಜಮಾನ್ರ, ಎರಡು ಸಲ ನಿಮ್ಮ ದೋಣ್ಯಾಗ ಹೊಕ್ಕು ಕೂಡ್ತಿದ್ನಿ! ನೀವು ಬ್ರೇಕ್ ಹಾಕಿದ್ರ ಕೆಂಪು ದೀಪ ಹೆಚ್ಚು ಉರೀಬೇಕೋ ಬ್ಯಾಡೋ? ನಿಮ್ದು ಆರಿಹೋಗ್ತದ. ಹಳದಿ ಎರಡೂ ಮಿಣಿಮಿಣಿ ಅಂತಾವ."

ನಮ್ಮ ಭಾಷೆ ಆಡಿದ ಮಾತ್ರಕ್ಕೆ ನಾನು ನಂಬಲಿಲ್ಲ. ಪ್ರಹ್ಲಾದನನ್ನು ಸ್ಟೇರಿಂಗಿಗೆ ಕೂರಿಸಿ ಬ್ರೇಕ್ ಒತ್ತಲು ಹೇಳಿ, ಹಿಂದೆ ಹೋಗಿ ನಿಂತೆ. ಚಾಲಕ ಹೇಳಿದಂತೆಯೇ ಇತ್ತು. ಬ್ರೇಕಿಗೆ ಕೆಂಪು ದೀಪ ಕುಗ್ಗಿ ಬೂದಿ ಮುಚ್ಚಿದ ಕೆಂಡದ ಹಾಗಾಯಿತು; ಎರಡೂ ಇಂಡಿಕೇಟರುಗಳು ಸತ್ತ ಹಳದಿ. ಚಾಕಣದಿಂದ ಅಲ್ಲಿಯವರೆಗೆ ನಮ್ಮ ಹಿಂದೆ ಬಂದವರನ್ನೆಲ್ಲ ನೆನೆದೆ.

ದತ್ತಾನ ಮೇಲೆ ಸಿಟ್ಟು ಬಂತು. ಧಾಬಾದವನ ಹತ್ತಿರ ಚಾಕು ಇಸಿದುಕೊಂಡು ಒಂದೊಂದೇ ಜೋಡಣೆಯ ಟೇಪು ಬಿಚ್ಚಿದೆ. ಎಲ್ಲ ಕಪ್ಪು ತಂತಿ. ಯಾವುದು ಯಾವುದಕ್ಕೆ ಹೋಗುತ್ತದೆಂದು ಬೆರಳಿಟ್ಟು ಹಿಂಬಾಲಿಸುವುದರಲ್ಲೇ ಬಿಸಿಲು ಇಳಿಯಿತು. ಬೆಸುಗೆಗಳು ಗಟ್ಟಿಯಾಗಿದ್ದವು. ಕೊನೆಗೆ ಉಳಿದದ್ದು ಟ್ರೇಲರಿನ ಕಬ್ಬಿಣಕ್ಕೆ ಬಿಗಿದ ಅರ್ಥಿಂಗ್. ಅದನ್ನು ಹುಡುಕಬೇಕಾಯಿತು, ಏಕೆಂದರೆ ಕೆರೆದ ಜಾಗವೇ ಇರಲಿಲ್ಲ. ಎಲ್ಲ ಹಳದಿ. ಬೋಲ್ಟ್ ತಿರುಗಿಸಿ ತೆಗೆದರೆ ತಂತಿಯ ತುದಿಯ ಉಂಗುರದ ಕೆಳಗೂ ದಪ್ಪ ಎಣ್ಣೆಬಣ್ಣ. ವಿದ್ಯುತ್ತಿಗೆ ಮರಳುವ ದಾರಿ ಮುಚ್ಚಿಹೋಗಿ, ಅದು ಬೇರೆ ದೀಪಗಳ ಮೂಲಕ ನುಸುಳುತ್ತಿತ್ತು.

"ಇದನ್ನ ಯಾರು ಬಿಚ್ಚಿದ್ರು?"

ಪ್ರಹ್ಲಾದ ಧಾಬಾದ ಫಲಕ ಓದುತ್ತಿದ್ದ.

"ಪ್ರಹ್ಲಾದಾ."

"ನಾನ ಬಿಚ್ಚೀನ್ರಿ. ಅಕ್ಕ ಫೋನಿನ್ಯಾಗ ಫೋಟೋ ನೋಡಿ, ಗಂಗವ್ವನ ಕಡೆ ಹೊಂಟದ್ದು ಹಿಂಗ ಬೋಳ ಬೋಳ ಇರಬಾರದು, ಮೈ ಪೂರಾ ಬಣ್ಣ ಹಚ್ಚಿ ಪೂಜಾ ಮಾಡು ಅಂದ್ಳು. ಬೋಲ್ಟಿನ ಕೆಳಗ ಬೋಳ ಉಳೀತಿತ್ತು. ಬಿಚ್ಚಿ ಹಚ್ಚಿ ಮತ್ತ ಬಿಗಿದ್ನಿ. ಛಲೋನ ಬಿಗಿದೀನಿ."

"ಬೆಳಿಗ್ಗೆ ಹತ್ಯಾವ ಅಂದ್ಯಲ್ಲ?"

"ಮೊದಲ ಸಲಕ್ಕ ಹತ್ತಿದ್ವು. ಎರಡನೇದ್ದು ನೋಡಲಿಲ್ರಿ. ರಾಹುಕಾಲ ಕೂಡೂದಿತ್ತು."

"ರಾಹು ನನ್ನ ಗಾಡ್ಯಾಗ ಕೂತಿದ್ದ ಬಿಡಪಾ" ಎಂದ ಅಕ್ಕಲಕೋಟದವನು. ಅವನೇ ತನ್ನ ಪಿಕಪ್ಪಿನಿಂದ ಉಜ್ಜುಕಾಗದ ತಂದುಕೊಟ್ಟ. ಪ್ರಹ್ಲಾದ ಕುಳಿತು ಕಬ್ಬಿಣ ಕಾಣುವವರೆಗೆ ಉಜ್ಜಿದ. ಬೋಲ್ಟನ್ನು ನಾನೇ ಬಿಗಿದೆ. ಬ್ರೇಕ್ ಒತ್ತಲು ಹೇಳಿ ಅಂಗೈಯನ್ನು ದೀಪದ ಮುಂದೆ ಹಿಡಿದೆ. ಕೈ ಕೆಂಪಾಯಿತು. ಮತ್ತೊಮ್ಮೆ ಒತ್ತು ಎಂದೆ. ಮತ್ತೊಮ್ಮೆ ಎಂದೆ.

"ಇವರ ಗಾಡಿ ಹಿಂದ ಇನ್ನ ಧೈರ್ಯದಿಂದ ಹೋಗಬಹುದು. ಆದ್ರ ಇವತ್ತ ಮನಿ ಮುಟ್ಟೂದಿಲ್ಲ" ಎಂದು ಚಾಲಕ ಚಹಾ ಕುಡಿದು ಮುಂದೆ ಹೋದ. ಹೋಗುವಾಗ ಅವನ ಹಿಂದಿನ ದೀಪಗಳನ್ನೂ ನೋಡಿದೆ. ಒಂದು ಉರಿಯುತ್ತಿರಲಿಲ್ಲ. ಕೂಗಿದೆ, ಕೇಳಿಸಲಿಲ್ಲ.

ಭಿಗವಣ ದಾಟುವಾಗ ಹೊತ್ತು ಮುಳುಗಿತ್ತು. ಪ್ರಹ್ಲಾದ ಹಕ್ಕಿಗಳು ಬೆಳಗಿನಲ್ಲಿ ಎಷ್ಟು ಹತ್ತಿರ ಬರುತ್ತವೆಂದು ಹೇಳತೊಡಗಿದ. ಹಿನ್ನೀರಿನ ಹಳ್ಳಿಗೆ ಎಡಕ್ಕೆ ಹೊರಳುವ ದಾರಿ ಬಂತು. ಹಿಂದೆ ಲಾರಿಯೊಂದು ವೇಗವಾಗಿ ಬರುತ್ತಿತ್ತು. ಇಂಡಿಕೇಟರ್ ಹಾಕಿ ಬ್ರೇಕಿನ ಮೇಲೆ ಕಾಲಿಟ್ಟು ಕನ್ನಡಿ ನೋಡಿದೆ. ಸೀಟಿನಿಂದ ನನ್ನ ದೀಪಗಳು ನನಗೆ ಕಾಣುವುದಿಲ್ಲ. ಲಾರಿಯ ಬೆಳಕು ದೊಡ್ಡದಾಗುತ್ತ ಬಂತು. ಆಮೇಲೆ ಲಾರಿ ಬ್ರೇಕಿಗೆ ಮೂತಿ ಬಗ್ಗಿಸಿತು, ನಿಧಾನವಾಯಿತು, ದೋಣಿಯಿಂದ ಸಾಕಷ್ಟು ದೂರದಲ್ಲಿ ನಿಂತೇಬಿಟ್ಟಿತು.

"ನಡೀರಿ ಭಾವಾ, ಹಿಂದಿನಾಂವ ಹಾರ್ನ್ ಹೊಡ್ಯಾಕತ್ತಾನ" ಎಂದ ಪ್ರಹ್ಲಾದ.

ಹೊಡೆಯಲಿ ಎಂದೆ. ಇನ್ನೂ ಸ್ವಲ್ಪ ಹೊತ್ತು ನಾನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.