ನಿಂತಾಗ ಬಂದ ಸಿಟ್ಟು

ಮೊನ್ನೆ ನವನಗರದ ನಮ್ಮ ಪಕ್ಕದ ಮನೆಯಲ್ಲಿ ಯಾರೋ ಬೇಳೆ ಸಾರಿಗೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರು. ವಾಸನೆ ಕಿಟಕಿಯಿಂದ ಒಳಗೆ ಬಂತು. ನಿವೃತ್ತಿಯಾದ ಮೇಲೆ ಶಾಲೆಯನ್ನು ನೆನೆಯುತ್ತ ಕೂರುವುದು ನನ್ನ ಚಾಳಿಯಲ್ಲ. ಆದರೂ ಚಾಚಿ ನೆನಪಾದರು.

ಹುನಗುಂದದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಶಿಕ್ಷಕಿಯಾಗಿದ್ದಾಗ ಅಲ್ಲಿ ಬಿಸಿಯೂಟ ಬೇಯಿಸುತ್ತಿದ್ದವರು ಅವರು. ಮಕ್ಕಳು ಚಾಚಿ ಅನ್ನುತ್ತಿದ್ದರು, ನಾವೂ ಅದನ್ನೇ ರೂಢಿ ಮಾಡಿಕೊಂಡೆವು. ಎತ್ತರದ ಹೆಂಗಸು, ಮಾತು ಕಡಿಮೆ. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ನನ್ನ ತರಗತಿಯಲ್ಲೇ ಓದುತ್ತಿದ್ದಳು. ಈ ಕೆಲಸ ಬಿಟ್ಟರೆ ಮನೆಗೆ ಬೇರೆ ಆಧಾರವಿರಲಿಲ್ಲ.

ಒಂದು ದಿನ ನಮ್ಮ ಸಹೋದ್ಯೋಗಿಯೊಬ್ಬರು ಸಾರಿಗೆ ಉಪ್ಪಿಲ್ಲವೆಂದು ಮಕ್ಕಳೆದುರೇ ರೇಗಾಡಿದರು. ಉಪ್ಪು ಸರಿಯಾಗಿಯೇ ಇತ್ತು. ಚಾಚಿ ಸೌಟು ಕೆಳಗಿಟ್ಟು, ಅಡುಗೆಕೋಣೆಯ ನೆಲದ ಮೇಲೆ ಕುಳಿತು, ತುಟಿಯಲ್ಲೇ ಏನೋ ಹೇಳಿಕೊಂಡರು. ‘ಅವೂಜು ಬಿಲ್ಲಾಹಿ...’ ಎಂಬಷ್ಟು ನನಗೆ ಕೇಳಿಸಿತು. ಏನದು ಅಂದೆ. ಸೈತಾನನಿಂದ ಕಾಪಾಡು ಅಂತ ಅಲ್ಲಾಹನನ್ನು ಬೇಡುವ ದುವಾ ಅಂದರು.

“ಸಿಟ್ಟು ಬಂದಾಗ ನಿಂತಿದ್ರ ಕುಂದ್ರಬೇಕ್ರಿ ಅಕ್ಕೋರ. ಕುಂತ್ರೂ ಇಳೀಲಿಲ್ಲಂದ್ರ ಮಲಗಬೇಕು. ನಮ್ಮ ಪೈಗಂಬರ್ ಸಾಹೇಬ್ರು ಹಂಗ ಹೇಳ್ಯಾರ.”

ಹಾಗಾದರೆ ನನ್ನ ತರಗತಿಯಲ್ಲಿ ಒಂದು ಮಂಚವನ್ನೇ ಹಾಕಿಸಬೇಕಾಗುತ್ತದೆ ಅಂದೆ. ನಕ್ಕರು. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುವುದು ಇಡೀ ಊರಿಗೇ ಗೊತ್ತಿತ್ತು.

ಕೆಲವು ತಿಂಗಳ ಮೇಲೆ ಉಗ್ರಾಣದಿಂದ ಎರಡು ಎಣ್ಣೆ ಡಬ್ಬಿ ಕಾಣೆಯಾದವು. ಬೀಗದ ಕೈ ಚಾಚಿಯ ಹತ್ತಿರವೂ ಒಂದಿತ್ತು, ಅಷ್ಟೇ ಸಾಕಾಯಿತು. ಹೆಡ್‌ಮಾಸ್ತರರ ಕೋಣೆಯಲ್ಲಿ ಶಾಲಾ ಸಮಿತಿಯವರು ಸೇರಿ, ಚಾಚಿಯನ್ನು ನಡುವೆ ನಿಲ್ಲಿಸಿ ಒಬ್ಬೊಬ್ಬರಾಗಿ ಕೇಳಿದರು. ತಾನು ಮುಟ್ಟಿಲ್ಲವೆಂದು ಅವರು ಮತ್ತೆ ಮತ್ತೆ ಹೇಳಿದರು. ಕೊನೆಗೆ ಅಧ್ಯಕ್ಷರು ಮನೆ ಜಾಲಾಡಿಸೋಣ ಅಂದರು. ಚಾಚಿಯ ಮುಖ ಕೆಂಪಾಯಿತು. ಅಷ್ಟೂ ಕುರ್ಚಿಗಳ ನಡುವೆ ನೆಲದ ಮೇಲೆ ಕುಳಿತುಬಿಟ್ಟರು. ತುಟಿ ಅಲುಗುತ್ತಿತ್ತು.

ಎಲ್ಲರೂ ಕೆರಳಿದರು. ಹಿರಿಯರು ಕೇಳುವಾಗ ಕೂರುವ ಸೊಕ್ಕು ನೋಡಿ ಅಂದರು ಒಬ್ಬರು, ಶಾಪ ಹಾಕುತ್ತಿದ್ದಾಳೆ ಅಂದರು ಇನ್ನೊಬ್ಬರು. ಅಲ್ಲಿದ್ದವರಲ್ಲಿ ಅದೇನೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಒಂದು ಮಾತು ಹೇಳಿದ್ದರೆ ಸಾಕಿತ್ತು... ಹೇಳಲಿಲ್ಲ. ನನ್ನ ವರ್ಗಾವಣೆಯ ಅರ್ಜಿ ಹೆಡ್‌ಮಾಸ್ತರರ ಮೇಜಿನ ಮೇಲಿತ್ತು. ಅದನ್ನು ಕಾರಣ ಅನ್ನಲು ಈಗ ನಾಚಿಕೆಯಾಗುತ್ತದೆ. ಅಕ್ಷರ ದುಂಡಗಿದೆಯೆಂದು ಕಾಗದ ಬರೆಯುವ ಕೆಲಸವೂ ನನಗೇ ಬಂತು. ಸಮಿತಿಯೆದುರು ಉದ್ಧಟತನ ತೋರಿದ್ದರಿಂದ ಕೆಲಸದಿಂದ ತೆಗೆಯಲಾಗಿದೆ ಎಂದು ಬರೆದುಕೊಟ್ಟೆ.

ತಿಂಗಳೊಳಗೆ ಡಬ್ಬಿಗಳು ಸಿಕ್ಕವು. ಉಗ್ರಾಣ ಸೋರುತ್ತದೆಂದು ಪಿ.ಟಿ. ಮಾಸ್ತರರು ಅವನ್ನು ಆಟದ ಸಾಮಾನಿನ ಕೋಣೆಗೆ ಸಾಗಿಸಿ, ಯಾರಿಗೂ ಹೇಳದೆ ತರಬೇತಿಗೆ ಹೋಗಿದ್ದರು. ಚಾಚಿಗೆ ಹೇಳಿಕಳಿಸಿದರು. ಅಷ್ಟರಲ್ಲಿ ಅವರು ಮಗಳನ್ನು ಕರೆದುಕೊಂಡು ಇಳಕಲ್ಲಿನ ತಮ್ಮನ ಮನೆಗೆ ಹೋಗಿಬಿಟ್ಟಿದ್ದರು. ನನಗೆ ವರ್ಗವಾಯಿತು.

ಒಗ್ಗರಣೆಯ ವಾಸನೆ ಬಂದ ಮರುದಿನವೇ ಆ ಹಳ್ಳಿಯವರಿಂದ ವಿಳಾಸ ಪಡೆದು ಇಳಕಲ್ಲಿನ ಬಸ್ಸು ಹತ್ತಿದೆ. ಇಷ್ಟು ವರ್ಷ ಯಾಕೆ ಹೋಗಲಿಲ್ಲವೋ... ಚಾಚಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಗುರುತು ಹಿಡಿದಳು, ಚಹಾ ಮಾಡಿದಳು. ತಾಯಿಯ ಹತ್ತಿರ ಹೇಳಬೇಕಾಗಿದ್ದನ್ನು ಮಗಳೆದುರು ಹೇಳಿದೆ. ಆ ಕಾಗದ ಬರೆದವಳು ನಾನೇ ಅಂದೆ.

“ಗೊತ್ತೈತ್ರಿ ಅಕ್ಕೋರ. ಅಮ್ಮಿಗೆ ಓದಾಕ ಬರ್ತಿರಲಿಲ್ಲ, ಓದಿ ಹೇಳಿದಾಕಿ ನಾನ. ಅಕ್ಷರ ನಿಮ್ಮವು ಅಂತ ನೋಡಿದ ಕೂಡ್ಲೆ ಗುರ್ತು ಸಿಕ್ತು. ಅದನ್ನೂ ಹೇಳಿದೆ.”

ಏನಂದರು ಎಂದು ಕೇಳಿದೆ.

“ಕಾಗದ ಕೇಳಿ ನೆಲದ ಮ್ಯಾಲೆ ಕುಂತಿದ್ಲು... ಅಕ್ಷರ ನಿಮ್ಮವು ಅಂದ ಕೂಡ್ಲೆ ಅಲ್ಲೇ ಮಲಗಿಬಿಟ್ಲು.”